ಬ್ರೌಸರ್ ಬದಲಾಯಿಸೋದಾ, ಇದ್ದಿದ್ರಲ್ಲೇ ಇರೋದಾ? ಒಬ್ಬ ಸೈಬರ್ ಸೆಂಟರ್‌ನವನ ಮಾತು

ನಮ್ಮೂರ ಲೈಬ್ರರಿ ಹಾಲ್‌ನಲ್ಲಿ ಭಾನುವಾರ ಸಾಯಂಕಾಲ ಮಾತಾಡಿದ್ದು ಇದು. ಬರೋಕಾಗದೇ ಇದ್ದವರು ಬರೆದು ಕೊಡಿ ಅಂದ್ರು, ಮಗಳು ಫೋನಲ್ಲಿ ರೆಕಾರ್ಡ್ ಮಾಡಿದ್ಲು, ಅದನ್ನ ಕೇಳ್ಕೊಂಡು ಬರೆದಿದೀನಿ. ಮಾತು ಅಡ್ಡಾದಿಡ್ಡಿ ಹೋಗಿದ್ದನ್ನೂ ಹಾಗೇ ಬಿಟ್ಟಿದೀನಿ.

ಎಲ್ರಿಗೂ ನಮಸ್ಕಾರ. ನಾನು ಇಂಜಿನಿಯರ್ ಅಲ್ಲ, ಬಿಕಾಂ ಮಾಡಿ ತಿಪಟೂರಲ್ಲಿ ಒಂದು ಸೈಬರ್ ಸೆಂಟರ್ ಹಾಕ್ಕೊಂಡವನು, 2004ರಲ್ಲಿ ನಾಲ್ಕು ಕಂಪ್ಯೂಟರ್ ಇಟ್ಟು ಶುರು ಮಾಡಿದ್ದು. ಆಗ ಗಂಟೆಗಿಷ್ಟು ಅಂತ ಬ್ರೌಸಿಂಗ್‌ಗೆ ಬರ್ತಿದ್ರು, ಈಗ ಎಲ್ರ ಜೇಬಲ್ಲೂ ಇಂಟರ್ನೆಟ್ ಇದೆ, ಹಾಗಾಗಿ ಈಗ ಬರೋರೆಲ್ಲ ಪಹಣಿಗೆ, ಸ್ಕಾಲರ್‌ಶಿಪ್ ಅರ್ಜಿಗೆ, ಪಿಯುಸಿ ರಿಸಲ್ಟಿಗೆ, ಇಲ್ಲಾ ಒಂದು ಪ್ರಿಂಟ್‌ಔಟಿಗೆ. ದಿನಕ್ಕೆ ಹತ್ತು ಗಂಟೆ ನಾನು ಕೂರೋದು ಬ್ರೌಸರ್, ಅಂದ್ರೆ ವೆಬ್‌ಸೈಟ್ ತೆಗೆಯೋ ಸಾಫ್ಟ್‌ವೇರ್, ಅದರ ಮುಂದೆ. ಕೊಬ್ಬರಿ ಮಂಡಿಯವರಿಗೆ ತಕ್ಕಡಿ ಹೇಗೋ ನನಗೆ ಇದು ಹಾಗೆ.

ಯಾವ ಬ್ರೌಸರ್ ಒಳ್ಳೇದು ಅಂತ ಮಾರ್ಕ್ಸ್ ಕೊಡೋಕೆ ನಾನು ಬಂದಿಲ್ಲ. ಮೊನ್ನೆ ಮೊನ್ನೆ ಅಂಗಡಿಯಲ್ಲಿ ಬ್ರೌಸರ್ ಬದಲಾಯಿಸಿದೆ, ಅದರಲ್ಲಿ ಏನು ಲಾಭ ಆಯ್ತು, ಎಲ್ಲಿ ಪೆಟ್ಟು ಬಿತ್ತು ಅಂತ ಹೇಳ್ತೀನಿ, ಬಾಕಿದು ನಿಮಗೆ ಬಿಟ್ಟಿದ್ದು.

ನಾನ್ಯಾಕೆ ಬದಲಾಯಿಸೋಕೆ ಹೋದೆ ಅಂದ್ರೆ ಜಾಹೀರಾತಿನ ಕಾಟಕ್ಕೆ. ನಿಮಗೆ ಜಾಹೀರಾತು ಅಂದ್ರೆ ಬರೀ ಕಿರಿಕಿರಿ ಇರಬಹುದು, ನನ್ನ ಅಂಗಡಿಯಲ್ಲಿ ಅದು ಅಪಾಯ. ಹುಡುಗ ಒಬ್ಬ ಹಳೇ ಪ್ರಶ್ನೆಪತ್ರಿಕೆ ಹುಡುಕ್ತಾ ಇರ್ತಾನೆ, ಪುಟದಲ್ಲಿ ದೊಡ್ಡದಾಗಿ ಹಸಿರು ಬಣ್ಣದಲ್ಲಿ 'ಡೌನ್‌ಲೋಡ್' ಅಂತ ಮೂರು ಬಟನ್ ಇರತ್ತೆ, ಅದರಲ್ಲಿ ಮೂರೂ ಜಾಹೀರಾತು, ನಿಜವಾದ ಲಿಂಕು ಕೆಳಗೆ ಸಣ್ಣ ಅಕ್ಷರದಲ್ಲಿ ಮುದುಡ್ಕೊಂಡು ಕೂತಿರತ್ತೆ. ಹುಡುಗ ಹಸಿರು ಒತ್ತುತ್ತಾನೆ, ಯಾವುದೋ ಡಬ್ಬಾ ಸಾಫ್ಟ್‌ವೇರ್ ಇಳಿಯತ್ತೆ, ಸಾಯಂಕಾಲದ ಹೊತ್ತಿಗೆ ನನ್ನ ಮೂರನೇ ನಂಬರ್ ಮೆಷಿನ್ ಕೂತ್ಕೊಂಡಿರತ್ತೆ. ಅದಕ್ಕೇ ಎಲ್ಲ ಮೆಷಿನ್ನಿಗೂ ಗೂಗಲ್‌ನವರ ಬ್ರೌಸರ್ ಕ್ರೋಮ್‌ನಲ್ಲಿ ಯುಬ್ಲಾಕ್ ಒರಿಜಿನ್ ಅನ್ನೋ ಎಕ್ಸ್‌ಟೆನ್ಶನ್, ಅಂದ್ರೆ ಬ್ರೌಸರ್‌ಗೆ ಸೇರಿಸೋ ಒಂದು ಚಿಕ್ಕ ಸಾಫ್ಟ್‌ವೇರ್, ಹಾಕಿಟ್ಟಿದ್ದೆ, ಹಸಿರು ಬಟನ್ನೇ ಕಾಣ್ತಿರಲಿಲ್ಲ, ನೆಮ್ಮದಿಯಾಗಿತ್ತು. 2025ರ ಮಧ್ಯದಲ್ಲಿ ಒಂದೊಂದೇ ಮೆಷಿನ್‌ನಲ್ಲಿ 'ಈ ಎಕ್ಸ್‌ಟೆನ್ಶನ್‌ಗೆ ಇನ್ಮೇಲೆ ಸಪೋರ್ಟ್ ಇಲ್ಲ' ಅಂತ ಬಂದು ಅದು ಬಂದ್ ಆಗೋಯ್ತು.

ಇದಕ್ಕೆ ಕಾರಣ ಎಕ್ಸ್‌ಟೆನ್ಶನ್‌ಗಳಿಗೆ ಗೂಗಲ್‌ನವರು ತಂದ ಹೊಸ ನಿಯಮ, ಅದಕ್ಕೆ ಮ್ಯಾನಿಫೆಸ್ಟ್ ವಿ3 ಅಂತ ಹೆಸರು. ಹೆಸರು ಮರೆತ್ರೂ ಪರವಾಗಿಲ್ಲ, ಒಳಗಿನ ವಿಷಯ ಸಲೀಸು. ಮೊದಲು ಎಕ್ಸ್‌ಟೆನ್ಶನ್ ಅನ್ನೋದು ಬಾಗಿಲಲ್ಲಿ ತಾನೇ ನಿಂತಿರೋ ಮನೆಯವನ ಥರ, ಒಳಗೆ ಬರೋ ಒಂದೊಂದನ್ನೂ ನೋಡಿ ನೀನು ಬಾ, ನೀನು ಬೇಡ ಅಂತ ಆಗಿಂದಾಗಲೇ ತೀರ್ಮಾನ ಮಾಡ್ತಿತ್ತು. ಈಗ ಮನೆಯವನು ಬಾಗಿಲಲ್ಲಿ ನಿಲ್ಲೋ ಹಾಗಿಲ್ಲ, ಯಾರ್ಯಾರನ್ನ ಬಿಡಬಾರದು ಅಂತ ಮೊದಲೇ ಒಂದು ಪಟ್ಟಿ ಬರೆದು ವಾಚ್‌ಮನ್ ಕೈಗೆ ಕೊಡಬೇಕು, ವಾಚ್‌ಮನ್ ಅಂದ್ರೆ ಬ್ರೌಸರ್. ಗೂಗಲ್‌ನವರು ಇದಕ್ಕೆ ಕೊಡೋ ಕಾರಣ ಸುಳ್ಳಲ್ಲ, ಬಾಗಿಲಲ್ಲಿ ನಿಂತವನು ಕಳ್ಳನೇ ಆಗಿದ್ರೆ ನೀವು ಎಲ್ಲೆಲ್ಲಿ ಹೋಗ್ತೀರಿ ಏನೇನು ಟೈಪ್ ಮಾಡ್ತೀರಿ ಎಲ್ಲ ಅವನಿಗೆ ಗೊತ್ತಾಗತ್ತೆ, ಅಂಥ ಕಳ್ಳ ಎಕ್ಸ್‌ಟೆನ್ಶನ್‌ಗಳು ಬೇಕಾದಷ್ಟು ಬಂದು ಹೋಗಿವೆ. ಆದ್ರೆ ಜಾಹೀರಾತಿಂದ ಊಟ ಮಾಡೋ ಕಂಪನಿ ಜಾಹೀರಾತು ತಡೆಯೋನ ಕೈ ಕಟ್ಟಿದಾಗ ಕಾರಣ ಎಷ್ಟೇ ಸರಿ ಇದ್ರೂ ಜನ ಪಿಸುಪಿಸು ಅಂತಾರೆ, ನಾನೂ ಅಂದೆ. ಯುಬ್ಲಾಕ್‌ನ ಲೈಟ್ ಅನ್ನೋ ಚಿಕ್ಕ ತಮ್ಮ ಈಗಲೂ ಕ್ರೋಮ್‌ನಲ್ಲಿ ಸಿಗತ್ತೆ, ಮನೆ ಬಳಕೆಗೆ ಸಾಕಷ್ಟು ಚೆನ್ನಾಗೇ ಕೆಲಸ ಮಾಡತ್ತೆ, ಅದನ್ನ ಹಾಕ್ಕೊಂಡು ಸುಮ್ನೆ ಇದ್ದವರು ದಡ್ಡರೇನಲ್ಲ. ನನಗೆ ಪೂರ್ತಿದು ಬೇಕಿತ್ತು, ಅದು ಫೈರ್‌ಫಾಕ್ಸ್ ಅನ್ನೋ ಬೇರೆ ಬ್ರೌಸರ್‌ನಲ್ಲಿ ಇನ್ನೂ ಇದೆ, ಹೋದೆ.

ಹೋದೆ ಅನ್ನೋದು ಒಂದೇ ಪದ, ಆದ್ರೆ ಆ ಮೊದಲ ವಾರ ಇದೆಯಲ್ಲ. ಕ್ರೋಮ್‌ನಲ್ಲಿ ಇನ್‌ಕಾಗ್ನಿಟೋ ಕಿಟಕಿ ತೆಗೆಯೋಕೆ ಕಂಟ್ರೋಲ್ ಶಿಫ್ಟ್ ಎನ್, ನನ್ನ ಬೆರಳಿಗೆ ಅದು ಅಭ್ಯಾಸ, ಗಿರಾಕಿ ಬಂದು ಕೂತ ತಕ್ಷಣ ಒತ್ತೋದು ಅದನ್ನೇ, ಅವರ ಲಾಗಿನ್ ಮೆಷಿನ್‌ನಲ್ಲಿ ಉಳಿಯಬಾರದು ಅಂತ. ಫೈರ್‌ಫಾಕ್ಸ್‌ನಲ್ಲಿ ಪ್ರೈವೇಟ್ ಕಿಟಕಿಗೆ ಕಂಟ್ರೋಲ್ ಶಿಫ್ಟ್ ಪಿ. ಅಲ್ಲಿ ಕಂಟ್ರೋಲ್ ಶಿಫ್ಟ್ ಎನ್ ಒತ್ತಿದ್ರೆ ಏನಾಗತ್ತೆ ಗೊತ್ತಾ? ಈಗಷ್ಟೇ ಮುಚ್ಚಿದ ಕಿಟಕಿ ಮತ್ತೆ ತೆರ್ಕೊಳತ್ತೆ. ಎರಡನೇ ದಿನ ಒಬ್ಬ ಹೆಂಗಸರು ರೇಷನ್ ಕಾರ್ಡ್ ಕೆಲಸಕ್ಕೆ ಬಂದು ಕೂತಿದಾರೆ, ನಾನು ಹಳೇ ಗ್ಯಾನದಲ್ಲಿ ಎನ್ ಒತ್ತಿದೆ, ಐದು ನಿಮಿಷದ ಹಿಂದೆ ಎದ್ದು ಹೋದ ಗಿರಾಕಿಯ ಈಮೇಲ್ ಇನ್‌ಬಾಕ್ಸ್ ಪೂರ್ತಿ ಅವರ ಕಣ್ಣ ಮುಂದೆ ಬಂದು ನಿಂತ್ಕೊಳ್ತು. ಗುಟ್ಟು ಕಾಯೋಕೆ ಅಂತ ಒತ್ತಿದ ಕೀ ಗುಟ್ಟು ಬಿಚ್ಚಿಡ್ತು. ಪುಣ್ಯಕ್ಕೆ ಅವರು ಪರ್ಸ್‌ನಲ್ಲಿ ಆಧಾರ್ ಹುಡುಕ್ತಾ ಇದ್ರು. ಆವತ್ತಿಂದ ಪ್ರತಿ ಕೀಬೋರ್ಡ್ ಪಕ್ಕ 'ಪಿ' ಅಂತ ಮಾರ್ಕರ್‌ನಲ್ಲಿ ಬರೆದು ಸೆಲ್ಲೋಟೇಪ್ ಹಾಕಿದೀನಿ.

ಎರಡನೇ ಪೆಟ್ಟು ಬೆರಳಚ್ಚು ಮೆಷಿನ್ನಿಂದ. ಹೆಬ್ಬೆಟ್ಟು ಒತ್ತೋ ಆ ಚಿಕ್ಕ ಡಬ್ಬಿಗೆ ಕಂಪ್ಯೂಟರ್‌ನಲ್ಲಿ ಒಂದು ಸಾಫ್ಟ್‌ವೇರ್ ಹಿಂದುಗಡೆ ಓಡ್ತಾ ಇರತ್ತೆ, ವೆಬ್ ಪುಟ ಅದರ ಜೊತೆ ಮಾತಾಡಿ ಬೆರಳಚ್ಚು ಇಸ್ಕೊಬೇಕು. ಕ್ರೋಮ್‌ನಲ್ಲಿ ಒಂದೇ ಸಲಕ್ಕೆ ಮಾತಾಡ್ತಿತ್ತು. ಹೊಸದರಲ್ಲಿ ನಾನು ಉಪಯೋಗಿಸೋ ಸೈಟು 'ಡಿವೈಸ್ ಸಿಗ್ತಿಲ್ಲ' ಅಂತ ಹಠ ಹಿಡೀತು. ಡ್ರೈವರ್ ತೆಗೆದು ಹಾಕಿದೆ, ಕೇಬಲ್ ಬದಲಾಯಿಸಿದೆ, ಹೊರಗೆ ಆರು ಜನ ಬಿಸಿಲಲ್ಲಿ ನಿಂತಿದಾರೆ, ಕೊನೆಗೆ ಕ್ರೋಮ್ ತೆಗೆದೆ, ಟಕ್ ಅಂತ ಕೆಂಪು ಲೈಟ್ ಹತ್ತಿತು. ತಪ್ಪು ಬ್ರೌಸರ್‌ದು ಅಂತ ನಾನು ಹೇಳಲ್ಲ, ಆ ಸೈಟ್ ಕಟ್ಟಿದವರು ಕ್ರೋಮ್‌ನಲ್ಲಿ ಮಾತ್ರ ನೋಡಿ ಸರಿ ಇದೆ ಅಂತ ಎದ್ದು ಹೋಗಿರ್ತಾರೆ. ಜಗತ್ತಿನಲ್ಲಿ ಹೆಚ್ಚುಕಮ್ಮಿ ಮೂರರಲ್ಲಿ ಎರಡು ಪಾಲು ಕ್ರೋಮ್, ಫೈರ್‌ಫಾಕ್ಸ್ ನೂರಕ್ಕೆ ಮೂರೂ ಇಲ್ಲ, ಆ ಮೂರಕ್ಕೋಸ್ಕರ ಯಾರು ಟೆಸ್ಟ್ ಮಾಡ್ತಾರೆ? ಟೆಸ್ಟ್ ಮಾಡಲ್ಲ ಅದಕ್ಕೆ ಸೈಟ್ ಸರಿಯಾಗಿ ಬರಲ್ಲ, ಬರಲ್ಲ ಅದಕ್ಕೆ ಜನ ಬಿಟ್ಟು ಹೋಗ್ತಾರೆ, ಹೋಗ್ತಾರೆ ಅದಕ್ಕೆ ಇನ್ನೂ ಟೆಸ್ಟ್ ಮಾಡಲ್ಲ.

ಇದು ಹೊಸಾ ಕತೆ ಅಲ್ಲ, ನಾನು ಇದನ್ನ ಒಂದು ಸಲ ಪೂರ್ತಿ ನೋಡಿದೀನಿ. ಅಂಗಡಿ ಶುರು ಮಾಡಿದಾಗ ಇಂಟರ್ನೆಟ್ ಎಕ್ಸ್‌ಪ್ಲೋರರ್ 6 ಇತ್ತು, ನೀಲಿ 'ಇ'. 2001ರಲ್ಲಿ ಬಂದಿದ್ದು, ಎದುರಾಳಿ ಬ್ರೌಸರ್ ನೆಟ್‌ಸ್ಕೇಪ್ ಸತ್ತ ಮೇಲೆ ಮೈಕ್ರೋಸಾಫ್ಟ್‌ನವರು ಮುಂದಿನ ವರ್ಶನ್ ಕೊಟ್ಟಿದ್ದು 2006ಕ್ಕೆ, ಐದು ವರ್ಷ ಅಲ್ಲಾಡಲಿಲ್ಲ. ಕನ್ನಡ ಸೈಟ್ ತೆಗೆದ್ರೆ ಡಬ್ಬ ಡಬ್ಬ ಡಬ್ಬ. ವಿಂಡೋಸ್ ಎಕ್ಸ್‌ಪಿ ಸಿಡಿ ಹಾಕಿ, ಕಂಟ್ರೋಲ್ ಪ್ಯಾನೆಲ್‌ನಲ್ಲಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಅನ್ನೋ ಚೌಕಕ್ಕೆ ಟಿಕ್ ಹಾಕಿ, ರೀಸ್ಟಾರ್ಟ್ ಮಾಡಿದ್ರೆ ತುಂಗಾ ಫಾಂಟ್‌ನಲ್ಲಿ ಒತ್ತಕ್ಷರ ಸರಿಯಾಗಿ ಕೂರ್ತಿತ್ತು, ನಾಲ್ಕೂ ಮೆಷಿನ್ನಿಗೆ ಹಾಗೆ ಮಾಡಿದ್ದೆ. ಇನ್ನೂ ಕೆಲವು ಸೈಟ್‌ಗಳು ಯೂನಿಕೋಡೇ ಅಲ್ಲ, ಅಂದ್ರೆ ಎಲ್ಲ ಕಡೆ ಒಂದೇ ಥರ ಓದೋ ಅಕ್ಷರದ ಕೋಡ್ ಅಲ್ಲ, ಡೈನಮಿಕ್ ಫಾಂಟ್ ಅಂತ ತಮ್ಮದೇ ಫಾಂಟ್ ಕಳಿಸ್ತಿದ್ವು, ಅದು ನೀಲಿ 'ಇ' ಒಳಗೆ ಮಾತ್ರ ಕಾಣ್ತಿತ್ತು, ಬೇರೆ ಬ್ರೌಸರ್‌ನಲ್ಲಿ ತೆಗೆದ್ರೆ ಇಂಗ್ಲಿಷ್ ಅಕ್ಷರದ ಚಿತ್ರಾನ್ನ. ಅಂದ್ರೆ ಕನ್ನಡ ಓದಬೇಕಾ, ಇದೇ ಬ್ರೌಸರ್‌ನಲ್ಲಿ ಇರು ಅಂತ.

ಫೋನಲ್ಲಿ ಓದೋರಿಗೆ ಇನ್ನೊಂದು ಥರ. ಕೀಪ್ಯಾಡ್ ಫೋನ್ ಕಾಲದಲ್ಲಿ ಒಪೆರಾ ಮಿನಿ ಹಾಕ್ಕೊಂಡಿದ್ದವರು ಇಲ್ಲಿ ಯಾರಾದ್ರೂ ಇದೀರಾ? (ನಾಲ್ಕೈದು ಕೈ ಎದ್ದವು.) ಅಡ್ರೆಸ್ ಹೊಡೆಯೋ ಜಾಗದಲ್ಲಿ 'ಕಾನ್ಫಿಗ್' ಅಂತ ಹೊಡೆದು, ಕೆಳಗೆ ಹೋಗಿ, ಬಿಟ್‌ಮ್ಯಾಪ್ ಫಾಂಟ್ ಅನ್ನೋದಕ್ಕೆ 'ಎಸ್' ಕೊಟ್ರೆ ಅವರ ಸರ್ವರ್‌ನಲ್ಲೇ ಕನ್ನಡ ಅಕ್ಷರಗಳು ಚಿತ್ರ ಆಗಿ ಫೋನಿಗೆ ಬರ್ತಿತ್ತು. ಡೇಟಾ ಜಾಸ್ತಿ ಖರ್ಚಾಗ್ತಿತ್ತು, ಆದ್ರೂ ಡಬ್ಬ ಹೋಗಿ ಅಕ್ಷರ ಬಂದಾಗ ಒಂದು ಖುಷಿ ಇತ್ತಲ್ಲ. ಎಷ್ಟೋ ಹುಡುಗರಿಗೆ ನಾನು ಅಂಗಡಿ ಮುಂದೆ ನಿಂತೇ ಇದನ್ನ ಮಾಡಿಕೊಟ್ಟಿದೀನಿ, ಕಾಸಿಲ್ಲದೆ. ಆಗ ಬ್ರೌಸರ್ ಬದಲಾಯಿಸೋಕೆ ಕಾರಣ ಅಂದ್ರೆ ಅದು, ನಮ್ಮ ಭಾಷೆ ಕಾಣಲಿ ಅಂತ. ಈಗ ಆ ಕಾರಣ ಇಲ್ಲ, ಕನ್ನಡ ಎಲ್ಲದರಲ್ಲೂ ಕಾಣತ್ತೆ.

ಆ ನೀಲಿ 'ಇ'ಯನ್ನ 2022ರ ಜೂನ್ 15ಕ್ಕೆ ಮೈಕ್ರೋಸಾಫ್ಟ್‌ನವರೇ ಮಣ್ಣು ಮಾಡಿದ್ರು. ಆದ್ರೆ ಅದನ್ನೇ ನಂಬಿ ಕಟ್ಟಿದ ಸೈಟ್‌ಗಳು ಅಷ್ಟು ಬೇಗ ಸಾಯಲಿಲ್ಲ. ಟೆಂಡರ್ ಹಾಕೋ ಕಂಟ್ರಾಕ್ಟರ್‌ಗಳು ಡಿಜಿಟಲ್ ಸಿಗ್ನೇಚರ್ ಡಾಂಗಲ್ ಹಿಡ್ಕೊಂಡು ಬರ್ತಿದ್ರು, ಅದಕ್ಕೆ ಜಾವಾ ಪ್ಲಗಿನ್ ಅಂತ ಬ್ರೌಸರ್ ಒಳಗೆ ಕೂರೋ ಒಂದು ತುಂಡು ಬೇಕಿತ್ತು, ಕ್ರೋಮ್ ಅದನ್ನ 2015ರಲ್ಲೇ ತೆಗೆದು ಹಾಕ್ತು, ಫೈರ್‌ಫಾಕ್ಸ್ 2017ರಲ್ಲಿ, ನಮಗೆ ಉಳಿದಿದ್ದು ನೀಲಿ 'ಇ'. ಎಲ್ಲ ಮೆಷಿನ್ ಹೊಸದಾದ್ರೂ ಮೂಲೆಯಲ್ಲಿ ಒಂದು ಹಳೇ ಮೆಷಿನ್ನು ಬರೀ ಆ ಡಾಂಗಲ್‌ಗೋಸ್ಕರ ಧೂಳು ಹೊಡ್ಕೊಂಡು ಕೂತಿತ್ತು. ಈಗಲೂ ಅಂಥ ಸೈಟ್ ಸಿಕ್ರೆ ಮೈಕ್ರೋಸಾಫ್ಟ್‌ನ ಈಗಿನ ಬ್ರೌಸರ್ ಎಡ್ಜ್ ಒಳಗೆ ಐಇ ಮೋಡ್ ಅಂತ, ಹಳೇ ಎಕ್ಸ್‌ಪ್ಲೋರರ್ ಥರ ನಡೆಯೋ ವ್ಯವಸ್ಥೆ ಇದೆ, ಅದನ್ನ ಕನಿಷ್ಠ 2029ರ ತನಕ ಇಟ್ಕೋತೀವಿ ಅಂದಿದಾರೆ. ಹಾಗಾಗಿ ಎಡ್ಜ್‌ನ ಯಾರೂ ಬೈಯಬೇಡಿ, ಅದು ಹಿರೀಕರನ್ನ ಮನೇಲಿ ಇಟ್ಕೊಂಡಿರೋ ಸೊಸೆ.

ಸರಿ, ಈಗ 'ನಾನು ಕ್ರೋಮ್ ಬಿಟ್ಟು ಬ್ರೇವ್‌ಗೆ ಹೋದೆ, ಎಡ್ಜ್‌ಗೆ ಹೋದೆ' ಅಂತ ಹೇಳೋರಿಗೆ ಒಂದು ಮಾತು. ಬ್ರೌಸರ್ ಅಂದ್ರೆ ಎರಡು ಭಾಗ, ಹೊರಗಿನ ಬಾಡಿ, ಒಳಗಿನ ಇಂಜಿನ್. ಪುಟ ಬಿಡಿಸೋದು ಇಂಜಿನ್. ಕ್ರೋಮ್, ಎಡ್ಜ್, ಬ್ರೇವ್, ಒಪೆರಾ, ವಿವಾಲ್ಡಿ, ನಮ್ಮ ದೇಶದ ಕಂಪನಿ ಜೋಹೋದವರ ಉಲಾ, ಇವಕ್ಕೆಲ್ಲ ಒಳಗೆ ಒಂದೇ ಇಂಜಿನ್, ಗೂಗಲ್ ಮುಂದೆ ನಿಂತು ನಡೆಸೋ ಕ್ರೋಮಿಯಂ ಅನ್ನೋ ಯೋಜನೆಯ ಬ್ಲಿಂಕ್. ಒಪೆರಾದವರು 2013ರಲ್ಲಿ ತಮ್ಮ ಸ್ವಂತ ಇಂಜಿನ್ ಬಿಟ್ರು, ಮೈಕ್ರೋಸಾಫ್ಟ್‌ನಂಥ ಮೈಕ್ರೋಸಾಫ್ಟೇ 2020ರ ಜನವರಿಯಲ್ಲಿ ಕೈ ಚೆಲ್ಲಿ ಇದಕ್ಕೇ ಬಂತು. ಹಾಗಾಗಿ ಒಂದರಿಂದ ಇನ್ನೊಂದಕ್ಕೆ ಹೋದ್ರೆ ಅಳಿಯ ಅಲ್ಲ ಮಗಳ ಗಂಡ. ಬೇರೆ ಇಂಜಿನ್ ಅಂತ ಉಳಿದಿರೋ ದೊಡ್ಡವು ಎರಡೇ, ಆಪಲ್‌ನವರ ಸಫಾರಿ ಒಳಗಿರೋ ವೆಬ್‌ಕಿಟ್, ಫೈರ್‌ಫಾಕ್ಸ್ ಮಾಡೋ ಮೊಜಿಲ್ಲಾದವರ ಗೆಕ್ಕೋ.

ಹಾಗಂತ ಮಗಳ ಗಂಡನ ಹತ್ರ ಹೋಗೋದು ವ್ಯರ್ಥ ಅಂತಲ್ಲ. ಎಲ್ಲ ಸೈಟೂ ನಡೆಯತ್ತೆ, ಕ್ರೋಮ್‌ನ ಎಕ್ಸ್‌ಟೆನ್ಶನ್‌ಗಳೇ ಕೂರತ್ತೆ, ಹೆಬ್ಬೆಟ್ಟಿನ ಮೆಷಿನ್ನೂ ಸಾಮಾನ್ಯವಾಗಿ ತಕರಾರು ಮಾಡಲ್ಲ. ಬ್ರೇವ್‌ನಲ್ಲಿ ಜಾಹೀರಾತು ತಡೆಯೋ ಕೆಲಸ ಬ್ರೌಸರ್ ಒಳಗೇ ಇದೆ, ಎಕ್ಸ್‌ಟೆನ್ಶನ್ ಹಂಗಿಲ್ಲ, ಅದನ್ನ ಶುರು ಮಾಡಿದವರಲ್ಲೊಬ್ಬರು ಬ್ರೆಂಡನ್ ಐಕ್, 1995ರಲ್ಲಿ ಹತ್ತೇ ದಿನಕ್ಕೆ ಜಾವಾಸ್ಕ್ರಿಪ್ಟ್ ಅನ್ನೋ ವೆಬ್ ಪುಟಗಳ ಪ್ರೋಗ್ರಾಮ್ ಭಾಷೆ ಬರೆದವರು. ಅದೇ ಬ್ರೇವ್ 2020ರಲ್ಲಿ ಜನ ಕ್ರಿಪ್ಟೋ ಸೈಟಿನ ಅಡ್ರೆಸ್ ಹೊಡೆಯೋವಾಗ ತನ್ನ ಕಮಿಶನ್ ಕೋಡ್ ಸೇರಿಸಿ ತುಂಬ್ತಾ ಸಿಕ್ಕಿಬಿದ್ದು ಕ್ಷಮೆ ಕೇಳ್ತು. ಉಲಾಗೆ 2025ರಲ್ಲಿ ಕೇಂದ್ರ ಸರ್ಕಾರದ ಸ್ವದೇಶಿ ಬ್ರೌಸರ್ ಸ್ಪರ್ಧೆಯಲ್ಲಿ ಮೊದಲ ಬಹುಮಾನ, ಒಂದು ಕೋಟಿ ರೂಪಾಯಿ ಬಂತು. ಸ್ವದೇಶಿ ಅನ್ನೋದು ಬಾಡಿಗೆ ಸರಿ, ಇಂಜಿನ್ ಯಾವುದು ಅಂತ ಈಗ ಹೇಳಿದೆನಲ್ಲ.

ಇಲ್ಲಿ ಒಂದು ತಮಾಷೆ. ಯಾವ ಬ್ರೌಸರೇ ಆಗ್ಲಿ ಸೈಟ್ ಬಾಗಿಲಿಗೆ ಹೋದ ತಕ್ಷಣ ತಾನು ಯಾರು ಅಂತ ಪ್ರವರ ಒಪ್ಪಿಸತ್ತೆ. ಕ್ರೋಮ್ ಏನಂತ ಹೇಳ್ಕೊಳತ್ತೆ ಕೇಳಿ: ಮೊಜಿಲ್ಲಾ 5.0, ವಿಂಡೋಸ್ ಎನ್‌ಟಿ 10.0, ಆಪಲ್‌ವೆಬ್‌ಕಿಟ್, ಕೆಎಚ್‌ಟಿಎಂಎಲ್, ಗೆಕ್ಕೋ ಥರದ್ದು, ಕ್ರೋಮ್, ಸಫಾರಿ. ಇಡೀ ಶತ್ರುಗಳ ವಂಶಾವಳಿ ಅದರ ಬಾಯಲ್ಲಿ! ಯಾಕಂದ್ರೆ 90ರ ದಶಕದಲ್ಲಿ ನೆಟ್‌ಸ್ಕೇಪ್ ಬಂದ್ರೆ ಮಾತ್ರ ಒಳ್ಳೇ ಪುಟ ಕೊಡ್ತಿದ್ದ ಸೈಟ್‌ಗಳಿದ್ವು, ನೆಟ್‌ಸ್ಕೇಪ್‌ನ ಗುಪ್ತನಾಮ ಮೊಜಿಲ್ಲಾ, ಹಾಗಾಗಿ ಎಕ್ಸ್‌ಪ್ಲೋರರ್ ನಾನೂ ಮೊಜಿಲ್ಲಾ ಅಂತ ಸುಳ್ಳು ಹೇಳಿ ಒಳಗೆ ನುಗ್ತು, ಆಮೇಲೆ ಬಂದವರೆಲ್ಲ ಹಿಂದಿನವರ ಹೆಸರು ಸೇರಿಸ್ಕೊಂಡು ಹೋದ್ರು. 'ಈ ಸೈಟು ನಿಮ್ಮ ಬ್ರೌಸರ್‌ನಲ್ಲಿ ನಡೆಯಲ್ಲ' ಅಂತ ಬರತ್ತಲ್ಲ, ಎಷ್ಟೋ ಸಲ ಪ್ರವರದಲ್ಲಿ ಹೆಸರು ಬದಲಾಯಿಸಿದ್ರೆ ಅದೇ ಸೈಟು ಸುಮ್ನೆ ನಡೆಯತ್ತೆ.

ಇನ್ನು ಸಾಮಾನು ಸಾಗಿಸೋ ವಿಷಯ, ಜನಕ್ಕೆ ಭಯ ಇರೋದು ಇಲ್ಲೇ. ಬುಕ್‌ಮಾರ್ಕ್ ಸುಲಭ, ಎಕ್ಸ್‌ಪೋರ್ಟ್ ಅಂದ್ರೆ ಒಂದು ಫೈಲ್ ಬರತ್ತೆ, ಹೊಸದರಲ್ಲಿ ಇಂಪೋರ್ಟ್. ಮನೆಗೆ ಹೋಗಿ ಆ ಫೈಲನ್ನ ನೋಟ್‌ಪ್ಯಾಡ್‌ನಲ್ಲಿ ತೆಗೆದು ನೋಡಿ, ಮೊದಲ ಸಾಲಿನಲ್ಲೇ 'ನೆಟ್‌ಸ್ಕೇಪ್ ಬುಕ್‌ಮಾರ್ಕ್ ಫೈಲ್ 1' ಅಂತ ಇರತ್ತೆ. ಕಂಪನಿ ಸತ್ತು ಎಷ್ಟು ಕಾಲ ಆಯ್ತು, ಅದರ ಹೆಸರಲ್ಲೇ ಇವತ್ತಿಗೂ ಕ್ರೋಮ್‌ನವರೂ ಫೈರ್‌ಫಾಕ್ಸ್‌ನವರೂ ಕಟ್ಟು ಕಟ್ಟಿ ಕಳಿಸ್ತಾರೆ, ಹಳೇ ಅಂಗಡಿ ಬ್ಯಾಗ್‌ನಲ್ಲಿ ಹೊಸ ಅಂಗಡಿ ಸಾಮಾನು ತರೋ ಹಾಗೆ.

ಪಾಸ್‌ವರ್ಡ್ ಕತೆ ಬೇರೆ. ಕೆಲವು ಸಲ ಹೊಸ ಬ್ರೌಸರ್ ತಾನೇ ಎತ್ಕೊಳತ್ತೆ, ಇಲ್ಲಾಂದ್ರೆ ಸಿಎಸ್‌ವಿ ಫೈಲ್ ಮಾಡಿ ಸಾಗಿಸಬೇಕು. ಆ ಫೈಲ್ ಅಂದ್ರೆ ಏನು ಗೊತ್ತಾ, ಎಕ್ಸೆಲ್‌ನಲ್ಲಿ ತೆಗೆದ್ರೆ ಸಾಲಾಗಿ ಸೈಟಿನ ಹೆಸರು, ಯೂಸರ್‌ನೇಮ್, ಪಾಸ್‌ವರ್ಡ್, ಯಾವ ಬೀಗವೂ ಇಲ್ಲ, ಮುಸುಕೂ ಇಲ್ಲ. ಒಬ್ಬರು ಲ್ಯಾಪ್‌ಟಾಪ್ ಸ್ಲೋ ಆಗಿದೆ ಅಂತ ತಂದಿದ್ರು, ಹೆಸರು ಬೇಡ, ಮಗ ಬೆಂಗಳೂರಿಂದ ಬಂದಾಗ ಬ್ರೌಸರ್ ಬದಲಾಯಿಸಿಕೊಟ್ಟು ಹೋಗಿದಾನೆ. ಡೌನ್‌ಲೋಡ್ಸ್ ಫೋಲ್ಡರ್ ಖಾಲಿ ಮಾಡೋಣ ಅಂತ ತೆಗೆದೆ, ಮದುವೆ ಕರೆಯೋಲೆ ಪಿಡಿಎಫ್, ಕರೆಂಟ್ ಬಿಲ್ಲು, ಅವುಗಳ ಮಧ್ಯೆ 'ಪಾಸ್‌ವರ್ಡ್ಸ್' ಅಂತ ಒಂದು ಫೈಲು. ಎಂಟು ತಿಂಗಳಿಂದ ಅಲ್ಲೇ ಬಿದ್ದಿತ್ತು. ಬ್ಯಾಂಕು, ಈಮೇಲು, ಪಿಎಫ್ ಎಲ್ಲ ಅದರಲ್ಲಿ. ನಾನು ತೆಗೆಯದೇ ಅವರನ್ನ ಕರೆದು ಪಕ್ಕದಲ್ಲಿ ಕೂರಿಸ್ಕೊಂಡು ಅವರ ಕೈಯಲ್ಲೇ ಡಿಲೀಟ್ ಮಾಡಿಸಿದೆ, ರೀಸೈಕಲ್ ಬಿನ್ ಕೂಡ ಖಾಲಿ ಮಾಡಿಸಿದೆ, ಆಮೇಲೆ ಮುಖ್ಯವಾದ ಪಾಸ್‌ವರ್ಡೆಲ್ಲ ಬದಲಾಯಿಸೋಕೆ ಹೇಳ್ದೆ. ಅವರು ಮಗನಿಗೆ ಫೋನ್ ಮಾಡಿದ್ರು, ಅದನ್ನ ಇಲ್ಲಿ ಹೇಳೋಕಾಗಲ್ಲ.

ಮತ್ತೆ, ಲಾಗಿನ್ ಆಗಿರೋ ಸ್ಥಿತಿ ಸಾಗಿಸೋಕೆ ಬರಲ್ಲ. ಹಳೇ ಬ್ರೌಸರ್‌ನಲ್ಲಿ ವರ್ಷಾನುಗಟ್ಟಲೆಯಿಂದ ಲಾಗಿನ್ ಆಗೇ ಇರ್ತೀರಿ, ಹೊಸದು ನೀವ್ಯಾರು ಅಂತ ಕೇಳತ್ತೆ, ಓಟಿಪಿ ಕಳಿಸ್ತೀನಿ ಅನ್ನತ್ತೆ, ಓಟಿಪಿ ಹೋಗೋದು ನೀವು ಆರು ವರ್ಷದ ಹಿಂದೆ ಬಿಸಾಕಿದ ಸಿಮ್ಮಿಗೆ. ಒಬ್ಬ ಮೇಷ್ಟ್ರ ಈಮೇಲ್ ಹೀಗೇ ತಪ್ಪಿ ಹೋಗೋದ್ರಲ್ಲಿತ್ತು, ಹಳೇ ಬ್ರೌಸರ್ ಅನ್‌ಇನ್‌ಸ್ಟಾಲ್ ಮಾಡಿರಲಿಲ್ಲ ಅಂತ ಬಚಾವ್, ಅದರೊಳಗೆ ಹೋಗಿ ನಂಬರ್ ಬದಲಾಯಿಸಿದ್ವಿ. ಅದಕ್ಕೇ ಹೇಳೋದು, ಹೊಸದು ಹಾಕಿ ಎರಡು ತಿಂಗಳಾದ್ರೂ ಹಳೇದನ್ನ ಹಾಗೇ ಬಿಟ್ಟಿರಿ.

ಪ್ರೈವೆಸಿ ಬಗ್ಗೆ ಎಲ್ರೂ ಕೇಳ್ತಾರೆ. ಕುಕ್ಕಿ ಅಂದ್ರೇನು ಅಂತ ನನ್ನ ಅಂಗಡಿಯಲ್ಲಿ ಕಲಿತದ್ದು ಹೇಳ್ತೀನಿ. ಒಬ್ಬರು ಮೂಲವ್ಯಾಧಿ ಔಷಧಿ ಹುಡುಕಿ ಎದ್ದು ಹೋದ್ರು, ಅವತ್ತು ನಾನು ಪ್ರೈವೇಟ್ ಕಿಟಕಿ ತೆಗೆದಿರಲಿಲ್ಲ. ಅವರ ಹಿಂದೆ ಬಂದು ಕೂತಿದ್ದು ಒಬ್ಬ ಗೌರವಸ್ಥರು, ಕ್ರಿಕೆಟ್ ಸ್ಕೋರ್ ನೋಡ್ತಾರೆ ಮೂಲವ್ಯಾಧಿ, ಪೇಪರ್ ಓದ್ತಾರೆ ಮೂಲವ್ಯಾಧಿ. ನನ್ನ ಮುಖ ನೋಡಿದ್ರು, ನಾನು ಮೇಲೆ ಫ್ಯಾನ್ ನೋಡಿದೆ. ಆಗೋದು ಏನಂದ್ರೆ, ಈ ಎಲ್ಲ ಸೈಟ್ ಒಳಗೂ ಒಂದೇ ಜಾಹೀರಾತು ಕಂಪನಿ ಕೂತಿರತ್ತೆ, ಅದು ಬ್ರೌಸರ್‌ನಲ್ಲಿ ಒಂದು ಚೀಟಿ ಇಡತ್ತೆ, ಅದೇ ಕುಕ್ಕಿ, ಮುಂದೆ ಎಲ್ಲಿ ಹೋದ್ರೂ ತನ್ನ ಚೀಟಿ ತಾನೇ ಓದ್ಕೊಳತ್ತೆ. ಫೈರ್‌ಫಾಕ್ಸ್‌ನಲ್ಲಿ 2022ರಿಂದ ಒಂದೊಂದು ಸೈಟಿಗೂ ಬೇರೆ ಬೇರೆ ಡಬ್ಬಿ, ಔಷಧಿ ಸೈಟ್‌ನಲ್ಲಿಟ್ಟ ಚೀಟಿ ಕ್ರಿಕೆಟ್ ಸೈಟ್‌ನಲ್ಲಿ ಸಿಗಲ್ಲ. ಸಫಾರಿ 2020ರಲ್ಲೇ ಇಂಥ ಹೊರಗಿನವರ ಚೀಟಿ ನಿಲ್ಲಿಸ್ತು. ಗೂಗಲ್‌ನವರೂ ಎರಡು ವರ್ಷದಲ್ಲಿ ನಿಲ್ಲಿಸ್ತೀವಿ ಅಂತ 2020ರಲ್ಲಿ ಹೇಳಿದ್ರು, ಮುಂದಕ್ಕೆ ಹಾಕಿದ್ರು, ಮತ್ತೆ ಹಾಕಿದ್ರು, 2024ರಲ್ಲಿ ಆ ಯೋಚನೆನೇ ಬಿಟ್ರು. ಇನ್‌ಕಾಗ್ನಿಟೋ ಅಂದ್ರೆ ಮಂತ್ರದ ಕಂಬಳಿ ಅಂದ್ಕೊಂಡಿರೋರಿಗೆ: ಅದು ನಿಮ್ಮ ಮನೆಯವರಿಂದ ಮುಚ್ಚಿಡತ್ತೆ, ಸೈಟಿನವರಿಂದ ಅಲ್ಲ. ಇದೇ ವಿಷಯಕ್ಕೆ ಅಮೆರಿಕದಲ್ಲಿ ಕೇಸ್ ಆಗಿ 2024ರಲ್ಲಿ ಗೂಗಲ್ ರಾಜಿ ಮಾಡ್ಕೊಂಡು ಹಳೇ ದಾಖಲೆಗಳನ್ನ ಅಳಿಸೋಕೆ ಒಪ್ಕೊಂತು.

ಆದ್ರೆ ಫೈರ್‌ಫಾಕ್ಸ್‌ನವರನ್ನ ಗೋಪುರದ ಮೇಲೆ ಕೂರಿಸೋಕೂ ನಾನು ತಯಾರಿಲ್ಲ. ಅವರ ಆದಾಯದಲ್ಲಿ ದೊಡ್ಡ ಪಾಲು ಬರೋದು ಗೂಗಲ್‌ನಿಂದಲೇ, ಸರ್ಚ್ ಅಂದ್ರೆ ಮೊದಲು ಗೂಗಲ್ ತೋರಿಸಿ ಅನ್ನೋದಕ್ಕೆ. ಬರೀ ಅವರಿಗೆ ಮಾತ್ರ ಅಲ್ಲ, ಹೀಗೆ ಎಲ್ಲ ಕಡೆ ಮೊದಲ ಜಾಗದಲ್ಲಿ ಕೂರೋಕೆ ಗೂಗಲ್ 2021ರ ಒಂದೇ ವರ್ಷದಲ್ಲಿ ಹಂಚಿದ್ದು 2,630 ಕೋಟಿ ಡಾಲರ್ ಅಂತ ಅಮೆರಿಕದ ಕೋರ್ಟಲ್ಲಿ, ಗೂಗಲ್‌ನ ಏಕಸ್ವಾಮ್ಯದ ಮೇಲೆ ಹಾಕಿದ ಕೇಸಲ್ಲಿ, ಹೊರಗೆ ಬಂತು. ಕ್ರೋಮ್‌ನ ಮಾರಬೇಕು ಅಂತ ಅಲ್ಲಿನ ಸರ್ಕಾರ ಕೇಳ್ತು, ಜಡ್ಜ್ ಅಮಿತ್ ಮೆಹ್ತಾ 2025ರ ಸೆಪ್ಟೆಂಬರ್‌ನಲ್ಲಿ ಮಾರೋದು ಬೇಡ ಅಂದ್ರು, ದುಡ್ಡು ಕೊಡೋದನ್ನೂ ಪೂರ್ತಿ ನಿಲ್ಲಿಸಲಿಲ್ಲ. ಅಂದ್ರೆ ಗೂಗಲ್ ಮೇಲೆ ಸಿಟ್ಟು ಮಾಡ್ಕೊಂಡು ಫೈರ್‌ಫಾಕ್ಸ್‌ಗೆ ಹೋದ್ರೆ ಅಲ್ಲೂ ಅನ್ನ ಗೂಗಲ್ ಮನೇದೇ. 2025ರ ಫೆಬ್ರವರಿಯಲ್ಲಿ ಫೈರ್‌ಫಾಕ್ಸ್‌ನವರು ಷರತ್ತುಗಳನ್ನ ಹೊಸದಾಗಿ ಬರೆಯೋವಾಗ 'ನಿಮ್ಮ ಡೇಟಾ ಯಾವತ್ತೂ ಮಾರಲ್ಲ' ಅನ್ನೋ ಹಳೇ ಮಾತನ್ನ ತೆಗೆದ್ರು, ದೊಡ್ಡ ಗಲಾಟೆ ಆಗಿ ಸಮಜಾಯಿಷಿ ಕೊಟ್ರು. ಸಮಜಾಯಿಷಿ ನಾನು ಓದಿದೆ, ಒಪ್ಪೋ ಹಾಗೇ ಇತ್ತು, ಆದ್ರೂ ಮನಸ್ಸಲ್ಲಿ ಒಂದು ಮುಳ್ಳು ಉಳೀತು.

ಹೊಸ ಹೊಸ ಬ್ರೌಸರ್‌ಗಳ ಬಗ್ಗೆ ಕಾಲೇಜು ಹುಡುಗರು ಕೇಳ್ತಾರೆ. ಆರ್ಕ್ ಅಂತ ಒಂದು ಬಂತು, ಚೆಂದ ಇತ್ತು, ಅದಕ್ಕೆ ಹೋದವರು ಮನೆಯಲ್ಲಿ ಸಾಮಾನು ಜೋಡಿಸೋದ್ರೊಳಗೆ 2025ರಲ್ಲಿ ಕಂಪನಿ ಇನ್ಮೇಲೆ ಇದಕ್ಕೆ ಹೊಸದೇನೂ ಮಾಡಲ್ಲ, ನಾವು ಡಿಯಾ ಅಂತ ಬೇರೆ ಮಾಡ್ತಿದೀವಿ ಅಂತು. ಎಐ ಬ್ರೌಸರ್‌ಗಳು, ಕಾಮೆಟ್ಟು ಅಟ್ಲಾಸು, ಅವು ನಿಮ್ಮ ಪರವಾಗಿ ತಾವೇ ಕ್ಲಿಕ್ ಮಾಡ್ತವೆ. ಪುಟದಲ್ಲಿ ಯಾರೋ ಕಿಡಿಗೇಡಿ ಬಚ್ಚಿಟ್ಟು ಬರೆದ ಮಾತನ್ನೇ ನಿಮ್ಮ ಅಪ್ಪಣೆ ಅಂತ ಅವು ತಿಳ್ಕೊಳ್ಳೋ ಅಪಾಯ ಇನ್ನೂ ಪೂರ್ತಿ ಹೋಗಿಲ್ಲ, ಹಾಗಾಗಿ ಬ್ಯಾಂಕ್ ಲಾಗಿನ್ ಇರೋ ಕಡೆ ಅವನ್ನ ಬಿಡಬೇಡಿ. ಇನ್ನು ಯುಸಿ ಬ್ರೌಸರ್ ನೆನಪಿದೆಯಾ, ಒಂದು ಕಾಲಕ್ಕೆ ನಮ್ಮೂರ ಅರ್ಧ ಫೋನ್‌ನಲ್ಲಿ ಅದೇ ಇದ್ದಿದ್ದು, 2020ರ ಜೂನ್ 29ಕ್ಕೆ 59 ಆ್ಯಪ್ ಬ್ಯಾನ್ ಮಾಡಿದ್ರಲ್ಲ, ಅದರಲ್ಲಿ ಹೋಯ್ತು. ಮಾರನೇ ದಿನ ಒಬ್ಬ ಆಟೋದವರು ಬಂದು 'ಅಣ್ಣ, ಇದರಲ್ಲಿ ಎರಡು ವರ್ಷದಿಂದ ಸೇವ್ ಮಾಡಿಟ್ಟ ಲಿಂಕೆಲ್ಲ ಇದಾವೆ' ಅಂದ್ರು. ಅವರಿಗೆ ಬದಲಾಯಿಸೋ ಯೋಚನೆನೇ ಇರಲಿಲ್ಲ, ಬದಲಾಯಿಸಬೇಕಾಗಿ ಬಂತು.

ನನಗೆ ಮುಖ್ಯ ಅನ್ನಿಸೋದು ಇದೇ ನೋಡಿ. ಯಾವ ಬ್ರೌಸರ್ ಅನ್ನೋದಕ್ಕಿಂತ, ನಾಳೆ ಬೆಳಗ್ಗೆ ಇದನ್ನ ಬಿಡು ಅಂದ್ರೆ ಒಂದು ಗಂಟೆಯಲ್ಲಿ ಬಿಡೋಕಾಗತ್ತಾ ಅಂತ ಕೇಳ್ಕೊಳ್ಳಿ. ಪಾಸ್‌ವರ್ಡ್‌ಗಳನ್ನ ಬ್ರೌಸರ್ ಒಳಗೆ ಬಿಡದೆ ಬೇರೆ ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿಟ್ರೆ, ಈಮೇಲ್‌ಗೆ ಈಗಿನ ನಂಬರ್ ಕೊಟ್ಟಿದ್ರೆ, ಮುಕ್ಕಾಲು ಕೆಲಸ ಆಯ್ತು. ನನ್ನ ಅಂಗಡಿಯಲ್ಲಿ ಈಗ ಎರಡೂ ಇದೆ, ಎಲ್ಲರಿಗೂ ಫೈರ್‌ಫಾಕ್ಸ್, ಹೆಬ್ಬೆಟ್ಟಿನ ಕೆಲಸಕ್ಕೂ ಹಠಮಾರಿ ಸೈಟ್‌ಗಳಿಗೂ ಕ್ರೋಮ್. ಮನೇಲೂ ಹೀಗೇ ಮಾಡಬಹುದು, ದುಡ್ಡಿನ ವ್ಯವಹಾರಕ್ಕೆ ಒಂದು, ಸುತ್ತಾಡೋಕೆ ಇನ್ನೊಂದು. ಹಳೇ ವಿಂಡೋಸ್ 7 ಮೆಷಿನ್ ಇಟ್ಕೊಂಡಿರೋ ಶಾಲೆಯವರಿಗೆ ಮಾತ್ರ ಆಯ್ಕೆ ಕಮ್ಮಿ, ಕ್ರೋಮ್ ಅಲ್ಲಿ 109ನೇ ವರ್ಶನ್‌ಗೆ 2023ರಲ್ಲೇ ನಿಂತೋಯ್ತು, ಫೈರ್‌ಫಾಕ್ಸ್ 115ರ ಇಎಸ್‌ಆರ್‌ಗೆ, ಅಂದ್ರೆ ಹೆಚ್ಚು ಕಾಲ ನೋಡ್ಕೊಳ್ಳೋ ವರ್ಶನ್‌ಗೆ, ಅದಾದ ಮೇಲೂ ಬಹಳ ದಿನ ಸೆಕ್ಯುರಿಟಿ ಅಪ್‌ಡೇಟ್ ಬಂತು. ಅಂಥ ಮೆಷಿನ್‌ನಲ್ಲಿ ಬ್ಯಾಂಕ್ ಕೆಲಸ ಬೇಡವೇ ಬೇಡ.

ಪ್ರಶ್ನೆ ಕೇಳೋ ಹೊತ್ತಿಗೆ ಒಬ್ಬ ಹುಡುಗ, ಸಾರ್ ಐಫೋನ್‌ನಲ್ಲಿ ಫೈರ್‌ಫಾಕ್ಸ್ ಹಾಕಿದೀನಿ ಯುಬ್ಲಾಕ್ ಸಿಗ್ತಿಲ್ಲ ಅಂದ. ಸಿಗಲ್ಲಪ್ಪ, ನಮ್ಮ ದೇಶದ ಐಫೋನ್‌ನಲ್ಲಿ ಯಾವ ಬ್ರೌಸರ್ ಹಾಕಿದ್ರೂ ಒಳಗೆ ಆಪಲ್ ಇಂಜಿನ್ನೇ, ಹೆಸರು ಮಾತ್ರ ಬೇರೆ, ಆಂಡ್ರಾಯ್ಡ್ ಆದ್ರೆ ಸಿಗತ್ತೆ ಅಂದೆ. ಪಕ್ಕದಲ್ಲಿದ್ದ ಅವನ ಆಂಡ್ರಾಯ್ಡ್ ಗೆಳೆಯ ನಕ್ಕ.

ಕೊನೆಗೆ ರಿಟೈರ್ ಆದ ಟೀಚರಮ್ಮ ಒಬ್ರು ಎದ್ದು, 'ನಾನು ಪಾಸ್‌ವರ್ಡೆಲ್ಲ ಒಂದು ಡೈರೀಲಿ ಬರೆದಿಟ್ಟಿದೀನಪ್ಪ, ನೀನು ಹೇಳಿದ್ಯಾವುದೂ ನನಗೆ ಬರಲ್ಲ, ಅದು ತಪ್ಪಾ?' ಅಂದ್ರು. ತಪ್ಪೇನಿಲ್ಲಮ್ಮ, ಬೀರುವಿನಲ್ಲಿರೋ ಡೈರಿಯನ್ನ ರಷ್ಯಾದಲ್ಲಿ ಕೂತವನು ಓದೋಕಾಗಲ್ಲ, ಯಾವ ಬ್ರೌಸರ್‌ಗೆ ಬೇಕಾದ್ರೂ ಅದರಿಂದ ಹೋಗಬಹುದು, ಇಲ್ಲಿರೋರಲ್ಲಿ ಎಲ್ಲರಿಗಿಂತ ಸಲೀಸಾಗಿ ಬದಲಾಯಿಸೋಕಾಗೋದು ನಿಮಗೇ ಅಂದೆ. ಆದ್ರೆ ಬ್ಯಾಂಕ್ ಪಾಸ್‌ಬುಕ್ ಜೊತೆ ಒಂದೇ ಬ್ಯಾಗಲ್ಲಿಟ್ಕೊಂಡು ಬಸ್ಸಲ್ಲಿ ಓಡಾಡಬೇಡಿ ಅಂತಲೂ ಅಂದೆ. ಅವರು ಏನೂ ಮಾತಾಡದೆ ತೊಡೆ ಮೇಲಿದ್ದ ಬ್ಯಾಗಿನ ಜಿಪ್ ಎಳ್ಕೊಂಡ್ರು.